ಎತ್ತಿಗೆ ಗೊತ್ತಿದ್ದ ದಾರಿ

ನಮ್ಮ ತಾತ ಚನ್ನಪಟ್ಟಣದ ಸಂತೆಯಿಂದ ಅಕ್ಕೂರಿಗೆ ಗಾಡಿಯಲ್ಲಿ ನಿದ್ದೆ ಮಾಡಿಕೊಂಡೇ ಬರುತ್ತಿದ್ದರಂತೆ. ಸಂತೆ ಮುಗಿದು, ಬೆಲ್ಲ, ಉಪ್ಪು, ಒಣಮೆಣಸಿನಕಾಯಿಯ ಗಂಟುಗಳು ಗಾಡಿ ಏರಿದ ಮೇಲೆ ಎತ್ತುಗಳ ಬೆನ್ನು ತಟ್ಟಿ, ಹಗ್ಗ ಸಡಿಲ ಬಿಟ್ಟು, ಹುಲ್ಲಿನ ಮೇಲೆ ಮೈ ಚಾಚಿದರೆ ಮುಗಿಯಿತು. ಮತ್ತೆ ಕಣ್ಣು ಬಿಡುತ್ತಿದ್ದುದು ಮನೆಯ ಮುಂದೆಯೇ. ಎತ್ತುಗಳಿಗೆ ದಾರಿ ಗೊತ್ತು. ಮುಂದಿನ ಗಾಡಿ ನಿಧಾನವಾದರೆ ಇವೂ ನಿಧಾನ, ಅದು ಬದಿಗೆ ಸರಿದರೆ ಇವು ಮತ್ತೆ ತಮ್ಮ ನಡಿಗೆಗೆ. ಚಿಕ್ಕಂದಿನಲ್ಲಿ ಈ ಕಥೆಯನ್ನು ಎಷ್ಟು ಸಲ ಕೇಳಿದ್ದೆನೋ ಲೆಕ್ಕವಿಲ್ಲ. ಅಂಥ ಸುಖ ತಾತನ ಕಾಲಕ್ಕೇ ಮುಗಿಯಿತು ಎಂದುಕೊಂಡಿದ್ದೆ. ನನ್ನ ಐವತ್ತೆಂಟನೆಯ ವಯಸ್ಸಿನಲ್ಲಿ ಅದು ನನ್ನ ಮನೆ ಬಾಗಿಲಿಗೇ ಬಂದು ನಿಂತಿತು.

ಬಂದದ್ದು ಕಾರಿನ ರೂಪದಲ್ಲಿ. ಯಜಮಾನರ ಮಂಡಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ನಮ್ಮ ಮನೆಯ ಸಾರಥ್ಯ ನನ್ನ ಪಾಲಿಗೆ ಬಿದ್ದಿತ್ತು. ಅಕ್ಕೂರಿನಲ್ಲಿ ಅವ್ವ ಒಬ್ಬಳೇ ಇದ್ದಾಳೆ. ಎಂಬತ್ತು ದಾಟಿದೆ. ಮೈಸೂರಿಗೆ ಬಾ ಎಂದರೆ, "ಹಸ ಏನ್ ಮಾಡ್ಲಿ?" ಎನ್ನುತ್ತಾಳೆ. ಹಸ ಮಾರಿ ಎರಡು ವರ್ಷವಾಯಿತು ಎಂದರೆ, "ಕೋಳಿ?" ಎನ್ನುತ್ತಾಳೆ. ಹಾಗಾಗಿ ಹದಿನೈದು ದಿನಕ್ಕೊಮ್ಮೆ ನಾನೇ ಹೋಗಿ ಬರುವುದು. ಹೋಗುತ್ತಾ ಸುಮಾರು ಎಂಬತ್ತು ಕಿಲೋಮೀಟರ್, ಬರುತ್ತಾ ಅಷ್ಟೇ. ಬಲಗಾಲ ಮೀನಖಂಡ ರಾತ್ರಿಯೆಲ್ಲ ಸೆಳೆಯುತ್ತಿತ್ತು. ಪುಣೆಯಲ್ಲಿರುವ ಮಗನಿಗೆ ಈ ಸುದ್ದಿ ಯಾರು ಮುಟ್ಟಿಸಿದರೋ, ಹಳೆಯ ಕಾರು ಹೋಗಿ ಹೊಸದು ಬಂತು.

"ಅಮ್ಮಾ, ಇದರಲ್ಲಿ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಇದೆ. ಎಷ್ಟು ವೇಗ ಬೇಕು ಅಂತ ಹೇಳಿಬಿಡು, ಮುಂದಿನ ಗಾಡಿಯಿಂದ ಎಷ್ಟು ದೂರ ಇರಬೇಕು ಅಂತ ಹೇಳಿಬಿಡು. ಉಳಿದದ್ದು ಅದೇ ನೋಡಿಕೊಳ್ಳುತ್ತೆ" ಎಂದ.

"ಹಾಗಾದರೆ ನಾನೇನು ಮಾಡಲಿ?"

"ನೀನು ಸ್ಟೀರಿಂಗ್ ಹಿಡಿದು ರಸ್ತೆ ನೋಡ್ತಾ ಇರು."

ಇಷ್ಟು ವರ್ಷ ಸಂಸಾರದಲ್ಲಿ ನಾನು ಮಾಡಿದ್ದೂ ಬಹುಪಾಲು ಅದೇ ಆದ್ದರಿಂದ ನನಗೆ ಕಷ್ಟವೆನಿಸಲಿಲ್ಲ.

ಈ ಯಂತ್ರದ ಹಿಂದಿನ ಕಥೆ ಸ್ವಾರಸ್ಯವಾಗಿದೆ. ಕಾರಿನ ವೇಗವನ್ನು ಒಂದೇ ಸಮ ಹಿಡಿದಿಡುವ ಉಪಕರಣಕ್ಕೆ 1950ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್. ಐದನೆಯ ವಯಸ್ಸಿನಲ್ಲೇ ಎರಡೂ ಕಣ್ಣಿನ ದೃಷ್ಟಿ ಕಳೆದುಕೊಂಡವರು. ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದ ವಕೀಲರೊಬ್ಬರು ತಾವು ಮಾತನಾಡುವಾಗ ಕಾರನ್ನು ನಿಧಾನ ಮಾಡಿ, ಕೇಳುವಾಗ ಜೋರು ಮಾಡುತ್ತಿದ್ದರಂತೆ. ಆ ಎಳೆದಾಟಕ್ಕೆ ಬೇಸತ್ತು ಹುಟ್ಟಿದ ಯೋಚನೆ ಇದು ಎನ್ನುತ್ತಾರೆ. 1958ರಲ್ಲಿ ಕ್ರೈಸ್ಲರ್ ಕಾರುಗಳಲ್ಲಿ ಅದು ಬಂತು. ಆದರೆ ಆ ಹಳೆಯ ಉಪಕರಣಕ್ಕೆ ಮುಂದಿನದು ಕಾಣದು. ಹೇಳಿದ ವೇಗದಲ್ಲಿ ಹೋಗುವುದೊಂದೇ ಗೊತ್ತು. ಮುಂದಿನ ಗಾಡಿಯನ್ನು ನೋಡಿಕೊಂಡು ಹೋಗುವ ವಿದ್ಯೆ ಜಪಾನಿನ ಮಿತ್ಸುಬಿಷಿ ಕಾರಿನಲ್ಲಿ 1995ರಲ್ಲೂ, ರೇಡಾರ್ ಜೊತೆಗೂಡಿ ಜರ್ಮನಿಯ ಮರ್ಸಿಡಿಸ್ ಕಾರಿನಲ್ಲಿ 1999ರಲ್ಲೂ ಬಂತು. ನಮ್ಮ ದೇಶದಲ್ಲಿ 2020, 2021ರಿಂದ ಈಚೆಗೆ ಮಧ್ಯಮ ವರ್ಗದವರು ಕೊಳ್ಳುವ ಕಾರುಗಳಿಗೂ ಇಳಿಯಿತು. ಕಾರಿನ ಮೂತಿಯೊಳಗೆ ಕೂತ ರೇಡಾರ್ ರೇಡಿಯೊ ಅಲೆಗಳನ್ನು ಬಿಡುತ್ತದೆ. ಅವು ಮುಂದಿನ ಗಾಡಿಗೆ ತಾಗಿ ಹಿಂದಿರುಗಿದಾಗ ಅದು ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಅನೇಕ ಕಾರುಗಳಲ್ಲಿ ಮುಂದಿನ ಗಾಜಿನ ಮೇಲ್ತುದಿಯಲ್ಲಿರುವ ಕ್ಯಾಮೆರಾ ಇದಕ್ಕೆ ಜೊತೆಗಾರ. ಇವು ಹೇಳಿದಂತೆ ಕಾರು ತಾನೇ ಬ್ರೇಕು ಹಿಡಿಯುತ್ತದೆ, ತಾನೇ ಮುಂದಕ್ಕೆ ಹೋಗುತ್ತದೆ. ಅಂದರೆ, ತಾತನ ಜೋಡೆತ್ತು.

ಇಂಥ ಕಾರಿಗೆ ತಕ್ಕ ರಸ್ತೆಯೂ ನಮಗಿದೆ. ಬೆಂಗಳೂರು ಮೈಸೂರು ನಡುವಿನ ಎಕ್ಸ್‌ಪ್ರೆಸ್ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಆ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಎತ್ತಿನ ಗಾಡಿಗೂ ಇಲ್ಲ. ಗಣಂಗೂರಿನ ಟೋಲ್ ದಾಟಿದರೆ ಮಂಡ್ಯ ಪಕ್ಕದಲ್ಲೇ ಜಾರಿಹೋಗುತ್ತದೆ. ಮದ್ದೂರು ಬಂದದ್ದು ಹೋದದ್ದು ವಡೆಯ ಆಸೆ ಇದ್ದವರಿಗೂ ತಿಳಿಯುವುದಿಲ್ಲ. ಕಾರಿಗೆ 90 ಎಂದು ಹೇಳಿ, ನಡುವಿನ ಅಂತರ ಹೇಳಿ, ನಾನು ಕಾಲು ಸಡಿಲ ಬಿಟ್ಟು ಕೂತೆ. ಒಂದು ತಿಂಗಳಲ್ಲಿ ಮೀನಖಂಡದ ಸೆಳೆತ ಮಾಯವಾಯಿತು. ಎರಡನೆಯ ತಿಂಗಳಿಗೆ ಬಲಗಾಲನ್ನು ಹಿಂದಕ್ಕೆಳೆದು, ಚಪ್ಪಲಿ ಕಳಚಿ, ಸೀಟಿನ ಕೆಳಗೆ ಮಡಚಿಕೊಳ್ಳುವಷ್ಟು ಸಲಿಗೆ ಬೆಳೆಯಿತು. ಮಗನಿಗೆ ಫೋನಿನಲ್ಲಿ, "ನಿನ್ನ ಕಾರು ನನ್ನ ಸೊಸೆ ಬರುವ ಮೊದಲೇ ನನ್ನನ್ನು ಕೂರಿಸಿ ಸಾಕುತ್ತಿದೆ ಕಣೋ" ಎಂದೆ.

ಆ ದಿನ ಬೆಳಿಗ್ಗೆ ಅವ್ವನಿಗೆ ಜ್ವರ ಎಂದು ಪಕ್ಕದ ಮನೆಯವರ ಫೋನು ಬಂದಿತ್ತು. ಗಾಬರಿಯಾಗುವಂಥದ್ದೇನಲ್ಲ. ಆದರೂ ಈ ಸಲ ಹೇಗಾದರೂ ಕರೆದುಕೊಂಡು ಬಂದೇ ಬಿಡಬೇಕೆಂದು ಹೊರಟೆ. ಏನು ಹೇಳಿದರೆ ಒಪ್ಪಿಯಾಳು, ಕೋಳಿಗಳನ್ನು ಯಾರಿಗೆ ಒಪ್ಪಿಸುವುದು, ದೇವರ ಕೋಣೆಯ ಪಕ್ಕದ ರೂಮಿನಲ್ಲಿ ಮಂಚ ಎಲ್ಲಿ ಹಾಕುವುದು, ಇದೇ ಯೋಚನೆ. ಚನ್ನಪಟ್ಟಣದ ಕಡೆಗೆ ಇಳಿಯುವ ಜಾಗ ಬಂತು. ಎಳನೀರು ತುಂಬಿದ ಲಾರಿಯೊಂದು ನನ್ನ ಮುಂದೆ ತೆವಳುತ್ತಾ ಇಳಿಯಿತು. ನನ್ನ ಕಾರೂ ವಿಧೇಯವಾಗಿ ಅದರ ಹಿಂದೆಯೇ ಮೂವತ್ತು, ನಲವತ್ತರಲ್ಲಿ ಇಳಿಯಿತು. ನಿಧಾನವಾಗಿದೆಯಲ್ಲ ಎಂದು ನಾನು ಯಂತ್ರವನ್ನು ಬಿಡಿಸಲಿಲ್ಲ. ಬಿಡಿಸಬೇಕೆಂಬುದೇ ಮನಸ್ಸಿಗೆ ಬರಲಿಲ್ಲ.

ಪಕ್ಕದ ಸರ್ವಿಸ್ ರಸ್ತೆಗೆ ಸೇರಿದ ಕೂಡಲೇ ಲಾರಿ ಎಡಕ್ಕೆ ಸರಿದು ನಿಂತಿತು. ನನ್ನ ಕಾರಿಗೆ ಮುಂದಿನ ದಾರಿ ಖಾಲಿ ಕಂಡಿತು. ಅದಕ್ಕೆ ನಾನು ಶ್ರೀರಂಗಪಟ್ಟಣದ ಹತ್ತಿರ ಹೇಳಿದ 90 ನೆನಪಿತ್ತು. ಹೆದ್ದಾರಿ ಮುಗಿದದ್ದು ಗೊತ್ತಿರಲಿಲ್ಲ. ಕುದುರೆ ಬಿಟ್ಟ ಹಾಗೆ ಮುಂದಕ್ಕೆ ಹಾರಿತು. ತಿರುವಿನಾಚೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಹೆಂಗಸೊಬ್ಬಳು ರಸ್ತೆ ದಾಟುತ್ತಿದ್ದಳು. ಮಡಚಿದ ಕಾಲು ಬ್ರೇಕನ್ನು ಹುಡುಕಿಕೊಂಡು ಹೋಗಲು ಎಷ್ಟು ಹೊತ್ತು ಹಿಡಿಯಿತೋ! ಗಂಟೆಗೆ 90 ಎಂದರೆ ಸೆಕೆಂಡಿಗೆ 25 ಮೀಟರ್. ಪುಣ್ಯಕ್ಕೆ ಕಾರು ಇನ್ನೂ ಅಷ್ಟು ವೇಗ ಮುಟ್ಟಿರಲಿಲ್ಲ. ಕಿರ್ರೆಂದು ನಿಂತಾಗ ಅವಳಿಗೂ ನನಗೂ ನಡುವೆ ಎರಡು ಮಾರು. ನಾನು ತುಳಿಯದಿದ್ದರೂ ಕಾರು ತಾನೇ ನಿಲ್ಲುತ್ತಿತ್ತೋ ಏನೋ. ಅದೇನು ಪರೀಕ್ಷೆ ಮಾಡಿ ನೋಡುವ ವಿಷಯವೇ?

ಹೊರೆ ಕೆಳಗೆ ಬಿದ್ದು ಸೊಪ್ಪೆಲ್ಲ ಚೆಲ್ಲಿತ್ತು. ಇಳಿದು ಹೋದೆ. ಅವಳು ಬಯ್ಯುತ್ತಾಳೆಂದುಕೊಂಡೆ, ಬಯ್ದಿದ್ದರೆ ಒಳ್ಳೆಯದಿತ್ತು. ಕೂತು ಸೊಪ್ಪು ಬಳಿಯುತ್ತಾ ನನ್ನ ನಡುಗುವ ಕೈ ನೋಡಿ, "ಮನೇಲಿ ಯಾರ್ಗಾದ್ರೂ ಹುಸಾರಿಲ್ವೇನವ್ವ? ಯಾಕಂಗೆ ಬಂದೆ?" ಎಂದಳು.

ನನಗೆ ಮಾತು ಹೊರಡಲಿಲ್ಲ. ನಾನು ಹಾಗೆ ಬರಲಿಲ್ಲ, ಕಾರು ಬಂತು ಎಂದು ಹೇಳುವುದಾದರೂ ಹೇಗೆ? ಸ್ಟೀರಿಂಗ್ ಹಿಡಿದಿದ್ದವಳು ನಾನು. ನೋಡುತ್ತಿದ್ದವರು ಮಾತ್ರ ಯಾರೂ ಇರಲಿಲ್ಲ.

ಹಳೆಯ ರಸ್ತೆಯಲ್ಲಿ, ಗೊಂಬೆ ಅಂಗಡಿಗಳನ್ನು ದಾಟಿ, ಊರು ಸೇರುವವರೆಗೂ ಸೈಕಲ್ಲಿನ ವೇಗದಲ್ಲಿ ಹೋದೆ. ಅವ್ವ ಜ್ವರ ಬಿಟ್ಟು ಎದ್ದು ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ಮುಖ ನೋಡಿ ಮೊದಲು ನೀರು ಕೊಟ್ಟಳು, ಆಮೇಲೆ ಕೇಳಿದಳು. ಎಲ್ಲ ಹೇಳಿದೆ. ಕೊನೆಗೆ, "ತಾತನ ಎತ್ತು ಎಷ್ಟೋ ವಾಸಿ, ಮನೆ ತನಕ ಸರಿಯಾಗಿ ತಂದು ಬಿಡುತ್ತಿದ್ದವು" ಎಂದೆ.

ಅವ್ವ ಸುಲಿಯುವುದನ್ನು ನಿಲ್ಲಿಸಿದಳು. "ಅದ್ಯಾರು ನಿಂಗೆ ಅರ್ಧ ಕತೆ ಹೇಳಿದ್ದು?"

ಉಳಿದ ಅರ್ಧ ನಾನು ಅಂದೇ ಕೇಳಿದ್ದು. ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ ಕೆರೆ ಏರಿಯ ಕೆಳಗೆ ಹೊಸದಾಗಿ ಕಾಲುವೆ ತೋಡಿದ್ದರಂತೆ. ಬೆಳಿಗ್ಗೆ ಸಂತೆಗೆ ಹೋಗುವಾಗ ತಾತ ಎಚ್ಚರವಿದ್ದರು, ಬಳಸಿಕೊಂಡು ಹೋಗಿದ್ದರು. ರಾತ್ರಿ ಬರುವಾಗ ಎತ್ತುಗಳು ಎಂದಿನ ದಾರಿಯನ್ನೇ ಹಿಡಿದವು. ಒಂದು ಚಕ್ರ ಕಾಲುವೆಗೆ ಇಳಿದು ಗಾಡಿ ಮಗುಚಿತು. ತಾತನಿಗೆ ತರಚು ಗಾಯ. ಎಡಗಡೆಯ ಎತ್ತಿನ ಕಾಲು ಮುರಿಯಿತು. ಅರಿಸಿನ ಅರೆದು ಕಟ್ಟಿದವಳು ಅವ್ವನೇ. ಆ ಎತ್ತು ಮತ್ತೆ ನೊಗಕ್ಕೆ ಹೆಗಲು ಕೊಡಲಿಲ್ಲ. ತಾತ ಕೊಟ್ಟಿಗೆಯಲ್ಲಿ ಅದರ ಪಕ್ಕ ಕೂತು ಅತ್ತರಂತೆ.

"ಎತ್ಗೆ ನೆನ್ನೆ ದಾರಿ ಗೊತ್ತಿರ್ತದೆ ಕಣವ್ವ, ಇವತ್ತಿನ ಗುಂಡಿ ಗೊತ್ತಿರಾಕಿಲ್ಲ. ಅದುಕ್ಕೇ ಆಮ್ಯಾಕೆ ನಿಮ್ ತಾತ ಏರಿ ಬಂದಾಗ ಕೆಳಿಕ್ಕೆ ಇಳಿದು, ಮೂಗುದಾರ ಹಿಡ್ಕಂಡು ಮುಂದೆ ನಡೀತಿದ್ರು. ಏರಿ ದಾಟಿದ್ಮ್ಯಾಲೆ ಮತ್ತೆ ಗಾಡಿ ಹತ್ತೋರು" ಎಂದಳು. ನಿದ್ದೆಯ ಕಥೆ ಹೇಳುತ್ತಿದ್ದ ಗಂಡಸರು ಯಾರೂ ಈ ಇಳಿದು ನಡೆದ ಭಾಗವನ್ನು ಹೇಳಿರಲಿಲ್ಲ.

ಮೈಸೂರಿಗೆ ಬಂದ ಮೇಲೆ, ಅದುವರೆಗೆ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಕಟ್ಟು ಬಿಚ್ಚದೆ ಮಲಗಿದ್ದ ಕೈಪಿಡಿಯನ್ನು ತೆಗೆದು, ವ್ರತದ ಪುಸ್ತಕದಂತೆ ಕೂತು ಓದಿದೆ. ವರಮಹಾಲಕ್ಷ್ಮಿ ವ್ರತಕ್ಕೂ ಅಷ್ಟು ನೇಮಗಳಿಲ್ಲ. ಇಳಿಯುವ ದಾರಿಯಲ್ಲಿ, ಕಡಿದಾದ ತಿರುವಿನಲ್ಲಿ, ಊರೊಳಗೆ ಇದನ್ನು ಬಳಸಬೇಡಿ ಎಂದು ಸ್ಪಷ್ಟವಾಗಿ ಬರೆದಿತ್ತು. ಓದದೆ ಇದ್ದುದು ನನ್ನ ತಪ್ಪು. ನನ್ನ ಹಾಗೆ ತಡವಾಗಿ ಕಾರು ಕಲಿತ, ಮಕ್ಕಳು ಕೊಡಿಸಿದ ಹೊಸ ಕಾರಿನಲ್ಲಿ ತವರಿಗೆ ಹೋಗಿ ಬರುವ ಅಕ್ಕತಂಗಿಯರು ಈಗ ಬಹಳ ಜನ ಇದ್ದೀರಿ. ಅದಕ್ಕಾಗಿ ನಾಲ್ಕು ಮಾತು.

ಕುಕ್ಕರ್ ಇಟ್ಟು ಪಕ್ಕದ ಮನೆಗೆ ಹೋಗಿ ಕೂರುವವರು ನಮ್ಮಲ್ಲಿ ಯಾರೂ ಇಲ್ಲ. ಬೇಯಿಸುವುದು ಕುಕ್ಕರೇ ಆದರೂ ಕೂಗು ಎಣಿಸುವುದು ನಾವು. ಇದೂ ಹಾಗೆಯೇ. ಕಾಲಿನ ದುಡಿಮೆಯನ್ನು ಯಂತ್ರಕ್ಕೆ ಕೊಡಬಹುದು, ಕಣ್ಣಿನದನ್ನು ಕೊಡಲಾಗದು. ಬಲಗಾಲು ಸೀಟಿನ ಕೆಳಗಲ್ಲ, ಬ್ರೇಕಿನ ಹತ್ತಿರವೇ ಇರಲಿ. ಮುಂದಿನ ಗಾಡಿಯ ಅಂತರವನ್ನು ಆದಷ್ಟು ಉದ್ದಕ್ಕೆ ಇಡಿ. ಯಾರಾದರೂ ನಡುವೆ ನುಗ್ಗುತ್ತಾರೆ. ನುಗ್ಗಲಿ ಬಿಡಿ, ಅವರೇನು ನಮ್ಮ ಮನೆಯ ಪಾತ್ರೆ ಹೊತ್ತುಕೊಂಡು ಹೋಗುವುದಿಲ್ಲ. ಆದರೆ ನುಗ್ಗಿದವರನ್ನು ಕಾರು ಗುರುತಿಸುವುದು ತಡವಾಗಬಹುದು, ಬ್ರೇಕು ನಿಮ್ಮದೇ ಆಗಿರಲಿ.

ಓಡುವ ಗಾಡಿಯನ್ನು ಇದು ಚೆನ್ನಾಗಿ ಗುರುತಿಸುತ್ತದೆ. ನಿಂತ ಗಾಡಿಯ ವಿಷಯದಲ್ಲಿ ನಂಬುವ ಹಾಗಿಲ್ಲ. ರಸ್ತೆಯ ಬೋರ್ಡು, ಸೇತುವೆ, ತಡೆಗಂಬಿಗಳಿಂದಲೂ ರೇಡಾರಿಗೆ ಮರುಅಲೆ ಬರುತ್ತದೆ. ಅವಕ್ಕೆಲ್ಲ ಬ್ರೇಕು ಹಾಕಿದರೆ ಕಾರು ಮುಂದೆ ಹೋದಂತೆಯೇ. ಆದ್ದರಿಂದ ಕದಲದ ವಸ್ತುಗಳನ್ನು ಲೆಕ್ಕಕ್ಕೆ ಹಿಡಿಯದಿರುವ ಗುಣ ಇಂಥ ಯಂತ್ರಗಳಿಗಿದೆ. ಕೆಟ್ಟು ನಿಂತ ಲಾರಿ ಅದರಲ್ಲಿ ಸೇರಿಹೋಗಬಹುದು. ನಡೆದು ಹೋಗುವವರು, ದನಕರು, ಎದುರಿಂದ ಬರುವ ಬೈಕು, ಇವು ಯಾವುದನ್ನೂ ಅದರ ಜವಾಬ್ದಾರಿಗೆ ಬಿಡಬಾರದು. ಜೋರು ಮಳೆ, ಮಂಜು, ಒದ್ದೆ ರಸ್ತೆಯಲ್ಲಿ ಬೇಡ. ಕಾರಿನ ಮೂತಿಗೆ, ಗಾಜಿಗೆ ಕೆಸರು ಮೆತ್ತಿದ್ದರೆ ಮೊದಲು ಒರೆಸಿ. ಕೆಲವು ಕಾರುಗಳಲ್ಲಿ ಇದು ಪೂರ್ತಿ ನಿಲ್ಲುವವರೆಗೂ ಕೆಲಸ ಮಾಡುತ್ತದೆ, ಕೆಲವು ನಿಧಾನವಾಗುತ್ತಿದ್ದಂತೆ ಕೈಬಿಡುತ್ತವೆ. ನಿಮ್ಮದು ಯಾವ ಜಾತಿ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಹೆದ್ದಾರಿ ಬಿಡುವ ಮೊದಲೇ ಬ್ರೇಕು ಮುಟ್ಟಿ ಅಥವಾ ಗುಂಡಿ ಒತ್ತಿ ಅದನ್ನು ಬಿಡಿಸಿ. ಹಳೆಯ ವೇಗಕ್ಕೆ ಮರಳುವ ಗುಂಡಿಯನ್ನು, ಆ ಹಳೆಯ ವೇಗ ಎಷ್ಟೆಂದು ತೆರೆಯ ಮೇಲೆ ನೋಡದೆ ಒತ್ತಬೇಡಿ.

ಟೀಟರ್ ಅವರ ಕಥೆ ಈಗ ನನಗೆ ಬೇರೆ ಥರ ಕಾಣುತ್ತದೆ. ಕಣ್ಣಿಲ್ಲದ ಅವರು ಪಕ್ಕದಲ್ಲಿ ಕೂತು ಕಾರಿನ ಒಂದೊಂದು ಏರಿಳಿತವನ್ನೂ ಗಮನಿಸಿದ್ದರು. ಎರಡು ಕಣ್ಣಿದ್ದ ನಾನು ಅವ್ವನ ಮಂಚ ಎಲ್ಲಿ ಹಾಕಲಿ ಎಂದು ನೋಡುತ್ತಿದ್ದೆ.

ಅವ್ವ ಆ ಸಲವೂ ಮೈಸೂರಿಗೆ ಬರಲಿಲ್ಲ. ಹೊರಡುವಾಗ ಎಂದಿನಂತೆ ಡಿಕ್ಕಿ ತುಂಬ ತೆಂಗಿನಕಾಯಿ, ಅವರೆಕಾಯಿ ತುಂಬಿಸಿದಳು. ಎಂದಿನಂತೆ "ನಿಧಾನಕ್ಕೆ ಹೋಗು" ಎನ್ನಲಿಲ್ಲ. ಕಿಟಕಿಯ ಹತ್ತಿರ ಬಗ್ಗಿ, "ಏರಿ ಬಂದಾಗ ಇಳ್ಕೋ" ಎಂದಳು.

ಈಗಲೂ ಹದಿನೈದು ದಿನಕ್ಕೊಮ್ಮೆ ಹೋಗುತ್ತೇನೆ. ಹೆದ್ದಾರಿಯಲ್ಲಿ ಆ ಯಂತ್ರವನ್ನು ಬಳಸುತ್ತೇನೆ, ಮೀನಖಂಡ ಹರಸುತ್ತದೆ. ಚನ್ನಪಟ್ಟಣಕ್ಕೆ ಇಳಿಯುವ ಬೋರ್ಡು ದೂರದಲ್ಲಿ ಕಾಣುತ್ತಲೇ ಬ್ರೇಕು ಮುಟ್ಟುತ್ತೇನೆ. ತೆರೆಯ ಮೇಲಿನ ಹಸಿರು ಗುರುತು ಆರುತ್ತದೆ. ಪಕ್ಕದಲ್ಲಿ ಕೂತ ಯಜಮಾನರು, "ಯಾಕೆ ಆರಿಸಿದೆ? ಇನ್ನೂ ದೂರ ಇದೆಯಲ್ಲ" ಎನ್ನುತ್ತಾರೆ. "ಏರಿ ಬಂತು" ಎನ್ನುತ್ತೇನೆ. ಅವರು ಕಿಟಕಿಯ ಆಚೆ ಕೆರೆ ಹುಡುಕುತ್ತಾರೆ.