ಕುಂಡದಲ್ಲಿ ದೊಡ್ಡಪತ್ರೆ

ದೆಹಲಿಯ ಸರಕಾರಿ ವಸತಿಗೃಹದ ಮೂರನೆಯ ಮಹಡಿಯಲ್ಲಿ ವಾಸಿಸುವ ನಮ್ಮಂಥ ಗುಮಾಸ್ತರಿಗೆ ತೋಟವೆಂದರೆ ಬಾಲ್ಕನಿಯಲ್ಲಿ ಹಿಡಿಯುವಷ್ಟು ಮಣ್ಣು, ಅಷ್ಟೆ. ಅಲ್ಲಿ ಗುಲಾಬಿ ಬೆಳೆಸಲು ಹೋಗಿ ಸೋತೆವು. ತುಳಸಿಯನ್ನು ಎರಡು ಸಲ ಚಳಿಗೆ ಒಪ್ಪಿಸಿದೆವು. ನಮ್ಮ ಕೈಗೂ ಒಗ್ಗುವ ಗಿಡವೊಂದುಂಟೆಂದು ತಿಳಿದದ್ದು ಹೋದ ವರ್ಷ, ಅಮ್ಮ ಊರಿನಿಂದ ಬಂದಾಗ.

ಅಪ್ಪ ತೀರಿಕೊಂಡ ಮೇಲೆ ತೀರ್ಥಹಳ್ಳಿಯ ಕಡೆಯ ಹಳ್ಳಿಮನೆಯಲ್ಲಿ ಅಮ್ಮನೊಬ್ಬಳನ್ನೇ ಬಿಡಲು ಮನಸ್ಸಾಗದೆ ಕರೆತಂದೆವು. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿಯ ಪಯಣ. ಅವಳ ಕೈಚೀಲದಲ್ಲಿ ಒದ್ದೆ ಬಟ್ಟೆ ಸುತ್ತಿದ ಗೇಣುದ್ದದ ದೊಡ್ಡಪತ್ರೆಯ ಕಡ್ಡಿಯೊಂದಿತ್ತು. ಇಷ್ಟು ದೂರ ಬಂದರೂ ಅದು ಬಾಡಿರಲಿಲ್ಲ.

ಕಡ್ಡಿಯನ್ನು ಕುಂಡದಲ್ಲಿ ನೆಟ್ಟೆವು. ಆಮೇಲೆ ನಮ್ಮ ಉಪಚಾರವೋ ಉಪಚಾರ! ಬೆಳಿಗ್ಗೆ ಒಂದು ಚೆಂಬು ನೀರು, ಕಚೇರಿಯಿಂದ ಬಂದೊಡನೆ ಇನ್ನೊಂದು ಚೆಂಬು. ಬಿಸಿಲು ತಾಗೀತೆಂದು ಕೋಣೆಯ ಮೂಲೆಯಲ್ಲಿ ಸ್ಥಾಪನೆ. ಅಮ್ಮನಿಗೂ ಇದೇ ಬಗೆಯ ಸೇವೆ: "ನೀನು ಕೂತಿರಮ್ಮ", "ಸೌಟು ಮುಟ್ಟಬೇಡಿ ಅತ್ತೆ", "ಒಬ್ಬಳೇ ಕೆಳಗಿಳಿಯಬೇಡ". ಮೂರು ವಾರದಲ್ಲಿ ಗಿಡದ ಎಲೆ ಹಳದಿಯಾಗಿ ಉದುರಿತು. ಬುಡ ಕಪ್ಪಾಗಿ ಕೊಳೆಯಿತು. ಅಮ್ಮನೂ ಊಟ ಕಡಿಮೆ ಮಾಡಿ, ಕಿಟಕಿಯ ಬಳಿ ಕೂತು, "ನನ್ನನ್ನು ಊರಿಗೆ ಬಿಟ್ಟು ಬಾ ಮಾರಾಯ" ಎನ್ನತೊಡಗಿದಳು. ಅಲ್ಲಿ ನೋಡಿಕೊಳ್ಳುವವರು ಯಾರು? ರಜೆಯ ಅರ್ಜಿಯನ್ನು ಜೇಬಿನಲ್ಲಿಟ್ಟುಕೊಂಡೇ ದಿನ ದೂಡುತ್ತಿದ್ದೆವು.

ಒಂದು ಭಾನುವಾರ ಗಿಡವನ್ನು ಕಿತ್ತೆಸೆಯಲು ಹೊರಟಾಗ ಅಮ್ಮ ತಡೆದಳು. ತುದಿಯಲ್ಲಿ ಇನ್ನೂ ಹಸುರಾಗಿದ್ದ ನಾಲ್ಕು ಬೆರಳುದ್ದದ ತುಂಡನ್ನು ಮುರಿದುಕೊಂಡು, "ಎಲೆ ನೋಡು, ಎಷ್ಟು ದಪ್ಪ! ಬೇಕಾದ ನೀರನ್ನು ಅದೇ ಕೂಡಿಟ್ಟುಕೊಳ್ಳುತ್ತದೆ. ನೀನು ಮತ್ತೆ ಮತ್ತೆ ಹೊಯ್ದರೆ ಬೇರು ಉಸಿರಾಡುವುದೆಲ್ಲಿ?" ಎಂದಳು. ಮಾತೇನೋ ಗಿಡದ್ದೇ, ಆದರೂ ನಾವು ಗಂಡಹೆಂಡಿರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು.

ಎಣ್ಣೆಯ ಹಳೆಯ ಡಬ್ಬಿಯ ತಳಕ್ಕೆ ಅವಳೇ ಮೊಳೆಯಿಂದ ತೂತು ಹೊಡೆದಳು. ಮಣ್ಣಿಗೆ ಮರಳು ಬೆರೆಸಿ, ತುಂಡಿನ ಕೆಳಗಿನ ಎಲೆಗಳನ್ನು ಕಿತ್ತು ನೆಟ್ಟಳು. ಮೇಲಿನ ಮಣ್ಣು ಬೆರಳಿಗೆ ಒಣಗಿದಂತೆ ಕಂಡರೆ ಮಾತ್ರ ನೀರು. ಬೆಳಗಿನ ಬಿಸಿಲು ಬೀಳುವ ಕಡೆ ಅದರ ಠಾವು. ಎರಡು ಮೂರು ವಾರದಲ್ಲಿ ಬೇರು ಹಿಡಿದು ಹೊಸ ಚಿಗುರು ಬಂತು. ತುದಿಯನ್ನು ಚಿವುಟಿದಷ್ಟೂ ಪಕ್ಕಕ್ಕೆ ಕವಲೊಡೆದು ಪೊದೆಯಾಯಿತು. ಜೂನ್ ತಿಂಗಳ ಬಿಸಿಗಾಳಿಯಲ್ಲಿ ನಡುಹಗಲಿನ ಮಟ್ಟಿಗೆ ನೆರಳು. ಡಿಸೆಂಬರ್ ಜನವರಿಯ ಚಳಿಯಲ್ಲಿ ರಾತ್ರಿ ಮನೆಯೊಳಗೆ, ನೀರು ಇನ್ನೂ ಕಡಿಮೆ. ಇಷ್ಟೇ ಇದರ ಆರೈಕೆ. ಕಚೇರಿಯಲ್ಲಿ ಕಡತವನ್ನು ಹದಿನೈದು ದಿನ ಮುಟ್ಟದೆ ಇಡುವ ನಮ್ಮ ಅಭ್ಯಾಸ ಮೊದಲ ಬಾರಿಗೆ ಉಪಯೋಗಕ್ಕೆ ಬಂತೆನ್ನಬೇಕು!

ಸೌಟೂ ಅಮ್ಮನ ಕೈಗೆ ಬಂತು. ಎಲೆಗಳನ್ನು ತುಪ್ಪದಲ್ಲಿ ಜೀರಿಗೆ ಮೆಣಸಿನೊಡನೆ ಬಾಡಿಸಿ, ಕಾಯಿತುರಿ ಸೇರಿಸಿ ಅರೆದು, ಮಜ್ಜಿಗೆಗೆ ಕಲಸಿ ತಂಬುಳಿ ಮಾಡಿದಳು. ಆ ಘಮಕ್ಕೆ ಪಕ್ಕದ ಮನೆಯ ಪಂಜಾಬಿ ಅಜ್ಜಿ ಬಾಗಿಲಿಗೆ ಬಂದು, "ಅಜವಾಯಿನ್ ಪತ್ತಾ!" ಎಂದು ಹಿಗ್ಗಿದರು. ನಿಜವಾದ ಓಮದ ಗಿಡವೇ ಬೇರೆ. ವಾಸನೆ ಒಂದೇ ಬಗೆಯದಾದ್ದರಿಂದ ಈ ಹೆಸರು. ಎದುರಿನ ತಮಿಳರ ಮನೆಯಲ್ಲಿ ಇದೇ ಕರ್ಪೂರವಳ್ಳಿ. ಅಮ್ಮನಿಗೆ ಹಿಂದಿ ಬಾರದು, ಅಜ್ಜಿಗೆ ಕನ್ನಡ ಬಾರದು. ಆದರೂ ಒಂದು ಹಿಡಿ ಎಲೆ ಆ ಮನೆಗೆ ಹೋಗುತ್ತದೆ, ಒಂದು ತಟ್ಟೆ ಪಕೋಡ ಈ ಮನೆಗೆ ಬರುತ್ತದೆ. ಸಂಜೆ ಇಬ್ಬರೂ ಕೆಳಗಿನ ಉದ್ಯಾನದಲ್ಲಿ ಕೂತಿರುತ್ತಾರೆ. ಏನು ಮಾತಾಡುತ್ತಾರೋ ನಾವು ಕೇಳಲು ಹೋಗಿಲ್ಲ.

ಮೊನ್ನೆ ಹಳೆಯ ಅಂಗಿಯ ಜೇಬಿನಲ್ಲಿ ಆ ರಜೆಯ ಅರ್ಜಿ ಸಿಕ್ಕಿತು. "ಊರಿಗೆ ಯಾವಾಗ ಹೋಗೋಣಮ್ಮ?" ಎಂದು ಕೇಳಿದೆವು. "ಹೋಗೋಣ. ಆದರೆ ಈ ಚಳಿ ಕಳೆಯಲಿ. ಗಿಡವನ್ನು ನಿಮ್ಮ ಕೈಗೆ ಬಿಟ್ಟುಹೋಗುವುದುಂಟೆ?" ಎಂದಳು.

ಸಂಘದ ಬಂಧುಗಳಲ್ಲಿ ಯಾರಿಗಾದರೂ ಬೇಕಿದ್ದರೆ ಅವಶ್ಯ ಬನ್ನಿ, ಒಂದು ಕಡ್ಡಿ ಮುರಿದುಕೊಡುತ್ತೇವೆ. ನೀರನ್ನು ಮಾತ್ರ ಅಮ್ಮನನ್ನು ಕೇಳಿ ಹಾಕಿ.