ಬಿದನೂರಿನ ಕೋಟೆಯಲ್ಲಿ ಬೀಗರು

ವೈಶಾಖದ ಬಿಸಿಲು ಮಲೆನಾಡೆಂದು ದಾಕ್ಷಿಣ್ಯ ತೋರುವುದಿಲ್ಲ. ಅಂಥದೊಂದು ಬೆಳಗ್ಗೆ ಹೊಸನಗರದ ನಿವೃತ್ತ ಉಪಾಧ್ಯಾಯರೊಬ್ಬರು, ಹಿಂದಿನ ದಿನವಷ್ಟೇ ಮನೆಗೆ ಬಂದಿದ್ದ ತಮ್ಮ ಬೀಗರೊಡನೆ ನಗರದ ಬಸ್ಸನ್ನೇರಿದರು. ಬೀಗರು ಶಿವಮೊಗ್ಗೆಯ ಸಮೀಪದ ರೈತರು. ಎಪ್ಪತ್ತರ ಸನಿಹದವರು, ಮಿತಭಾಷಿಗಳು. ಅವರಿಗೆ ಶಿವಪ್ಪನಾಯಕನ ಕೋಟೆಯನ್ನು ತೋರಿಸಬೇಕೆಂಬುದು ಉಪಾಧ್ಯಾಯರ ಬಹುದಿನದ ಅಭಿಲಾಷೆ.

ಹೆಬ್ಬಾಗಿಲನ್ನು ದಾಟುವ ಮೊದಲೇ ಪಾಠ ಆರಂಭವಾಯಿತು. ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಇಲ್ಲಿಗೆ ರಾಜಧಾನಿ ಬಂದ ಬಗೆ. ಬಿದಿರಿನಿಂದ ಬಿದನೂರಾದುದು, ಅದನ್ನೇ ಸಂಸ್ಕೃತಜ್ಞರು ವೇಣುಪುರವೆಂದುದು. 1763ರಲ್ಲಿ ರಾಣಿ ವೀರಮ್ಮಾಜಿಯಿಂದ ಇದನ್ನು ಗೆದ್ದ ಹೈದರಾಲಿ ಹೈದರ್‌ನಗರವೆಂದು ಕರೆದುದು. ಕಾಲಾಂತರದಲ್ಲಿ ಹೈದರ್ ಉದುರಿ ನಗರ ಮಾತ್ರ ಉಳಿಯಿತು. ಬೀಗರು ಎಲ್ಲಕ್ಕೂ ತಲೆದೂಗಿದರು. ಆದರೆ ಅವರ ಕಣ್ಣು ಬೇರೆ ಕಡೆಗಿತ್ತು. ಅಕ್ಕತಂಗಿಯರ ಕೊಳದಲ್ಲಿ ಬಗ್ಗಿ ನೀರೆಷ್ಟಿದೆಯೆಂದು ನೋಡಿದರು. ಅರಮನೆಯ ನೆಲಗಟ್ಟಿನ ಮೇಲೆ ನಿಧಾನವಾಗಿ ನಡೆದು, "ಅಡಿಗೆಮನೆ ಯಾವ ಕಡೆಗಿತ್ತು, ಮೇಷ್ಟ್ರೇ?" ಎಂದು ಕೇಳಿದರು. ಇತಿಹಾಸ ಬಲ್ಲವರಿಗೆ ಆ ಪ್ರಶ್ನೆಯ ಉತ್ತರ ತಿಳಿದಿರಲಿಲ್ಲ.

ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ಉಪಾಧ್ಯಾಯರು ಶಿವಪ್ಪನಾಯಕನ ಶಿಸ್ತಿನ ವಿಷಯವನ್ನೆತ್ತಿದರು. 1645ರಿಂದ 1660ರವರೆಗೆ ಆಳಿದ ಆ ಅರಸನ ಕೀರ್ತಿಗೆ ಕೋಟೆಗಿಂತ ಕಂದಾಯದ ಏರ್ಪಾಡೇ ಹೆಚ್ಚಿನ ಆಧಾರ. ಊರೂರಿನಲ್ಲೂ ಒಂದೊಂದು ಬಗೆಯ ನೆಲವನ್ನು ತಾನೇ ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಫಲ ಇವನ್ನೆಲ್ಲ ಲೆಕ್ಕವಿಡಿಸಿ, ಆ ಬಳಿಕ ಮೂರರಲ್ಲೊಂದು ಪಾಲನ್ನು ಗೊತ್ತುಪಡಿಸಿದನೆಂದು ಹೇಳಿಕೆ.

ಬೀಗರ ಕೈಯ ತುತ್ತು ಅಲ್ಲೇ ನಿಂತಿತು. "ಹನ್ನೆರಡು ವರ್ಷವೇ! ನಮ್ಮ ತೋಟಕ್ಕೆ ಬೆಲೆ ಕಟ್ಟಲು ಬಂದವರು ಒಂದು ಮಧ್ಯಾಹ್ನದಲ್ಲಿ ಮುಗಿಸಿದರು."

ಅವರು ಹುಟ್ಟಿದ್ದು ಶರಾವತಿಯ ಕೊಳ್ಳದ ಹಳ್ಳಿಯಲ್ಲಿ. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳೊಡನೆ ಅದೂ ನೀರಾಯಿತು. ಆಗ ಅವರಿಗೆ ಒಂಬತ್ತು ವರ್ಷ. ತಂದೆ ಬಾಗಿಲ ಚೌಕಟ್ಟನ್ನು ಕಿತ್ತು ಲಾರಿಗೇರಿಸಿದರು. ತಾಯಿ ಒರಳುಕಲ್ಲು ಬಿಡಲೊಲ್ಲದೆ ಅತ್ತರು. ನಾಡಿಗೆಲ್ಲ ಬೆಳಕಾಗುವುದೆಂದು ಹೇಳಿದ್ದರು, ಅದು ಸುಳ್ಳೂ ಆಗಲಿಲ್ಲ. ಅವರನ್ನು ಕೂರಿಸಿದ್ದು ಮಾತ್ರ ಕಾಡಿನ ನೆಲದಲ್ಲಿ. ಅಂಥ ಅನೇಕ ಸಂಸಾರಗಳಂತೆ ಬೀಗರಿಗೂ ಅದರ ಹಕ್ಕುಪತ್ರ ಇನ್ನೂ ಕೈಸೇರಿಲ್ಲ.

ಮಗಳನ್ನು ಕೊಟ್ಟು ಹದಿನೈದು ವರ್ಷವಾಗಿತ್ತು. ಬೀಗರ ಬಾಯಿಂದ ಈ ಮಾತನ್ನು ಉಪಾಧ್ಯಾಯರು ಕೇಳಿದ್ದು ಅಂದೇ ಮೊದಲು. ಕೇಳದಿದ್ದುದು ತಮ್ಮ ತಪ್ಪೆಂದು ತೋರಿ, ಉಳಿದ ಪಾಠವನ್ನು ಅವರು ಅಲ್ಲಿಗೇ ಕೈಬಿಟ್ಟರು.

ಇಳಿಹೊತ್ತಿಗೆ ದೇವಗಂಗೆಗೆ ಹೋದರು. ಅರಸುಮನೆತನದವರು ಕಲ್ಲಿನಲ್ಲಿ ಕಟ್ಟಿಸಿದ ಆ ಕೊಳಗಳಿಗೆ ಬೇಸಗೆಯಲ್ಲೂ ನೀರಿನ ಒಸರು ತಪ್ಪುವುದಿಲ್ಲ. ಬೀಗರು ಮೆಟ್ಟಿಲಿಳಿದು ಕಾಲು ತೊಳೆದು, ಹಣೆಗೆ ನೀರು ಮುಟ್ಟಿಸಿಕೊಂಡು, ಬಹಳ ಹೊತ್ತು ಅಲ್ಲೇ ಕುಳಿತರು.

"ಮೇಷ್ಟ್ರೇ, ಹಿನ್ನೀರು ಇಳಿದಾಗ ಮಡೆನೂರಿನ ಹಳೆಯ ಅಣೆಕಟ್ಟು ಕಾಣುತ್ತದಲ್ಲ?"

"ಹಿರೇಭಾಸ್ಕರ. 1948ರದು. ಲಿಂಗನಮಕ್ಕಿಯ ನೀರಿನಲ್ಲಿ ಅದೂ ಮುಳುಗಿತು."

"ಈ ಸಲ ಮಳೆ ತಡವಾದರೆ ನಮ್ಮೂರಿನ ದೇವಸ್ಥಾನದ ಮೆಟ್ಟಿಲೂ ಕಂಡಾವು. ನೀವು ನಿಮ್ಮ ಕೋಟೆ ತೋರಿಸಿದಿರಿ. ಅಲ್ಲಿಗೆ ಒಮ್ಮೆ ಬರುತ್ತೀರಾ? ಅಡಿಗೆಮನೆ ಯಾವ ಕಡೆಗಿತ್ತೆಂದು ನಾನು ಹೇಳಬಲ್ಲೆ."

ಉಪಾಧ್ಯಾಯರು ಒಪ್ಪಿದರು. ಬಸ್ಸಿನಲ್ಲಿ ಕುಳಿತ ಮೇಲೆ ಪಂಚಾಂಗವನ್ನು ತೆಗೆದು, ಮೃಗಶಿರೆ ಮಳೆ ಹುಟ್ಟುವುದು ಎಂದೆಂದು ಇಬ್ಬರೂ ನೋಡತೊಡಗಿದರು.