ಅಪ್ಪನ ನಾಲ್ಕು ಸಾವಿರ ಪದಗಳು ಮತ್ತು ಒಂದು ಪುಟ್ಟ ಲ್ಯಾಪ್‌ಟಾಪ್

ನಮ್ಮ ಆಫೀಸಿನಲ್ಲಿ ಯಾರಾದರೂ ಹೊಸ ಲ್ಯಾಪ್‌ಟಾಪ್ ಕೊಳ್ಳುವುದಿದ್ದರೆ ಮೊದಲು ನನ್ನ ಮೇಜಿನ ಹತ್ತಿರ ಬರುತ್ತಾರೆ. ಹಿಂಜವಡಿಗೆ ಬಂದು ಹದಿಮೂರು ವರ್ಷವಾಯಿತು, ಸುರತ್ಕಲ್ಲಿನ ಎಂ.ಟೆಕ್. ಪದವಿ ಬೇರೆ. ಹಾಗಾಗಿ ನಾನೂ ದೊಡ್ಡ ಪಂಡಿತನ ಹಾಗೆ ಪ್ರೊಸೆಸರ್, ರ್‍ಯಾಮ್ ಎಂದು ಹೇಳಿ ಕಳಿಸುತ್ತೇನೆ. ಆದರೆ ಕಳೆದ ವರ್ಷ ನಮ್ಮ ಅಪ್ಪನಿಗಾಗಿ ಒಂದು ಸಣ್ಣ ಲ್ಯಾಪ್‌ಟಾಪ್ ಆರಿಸುವಾಗ ಈ ಪಾಂಡಿತ್ಯವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು. ಆ ಕಥೆಯನ್ನು ಇಲ್ಲಿ ಹೇಳಿಬಿಡುತ್ತೇನೆ. ಊರಿನ ಅಟ್ಟದ ಮೇಲೆ ಇಂಥದ್ದೇ ಹಳೆಯ ಕಂಪ್ಯೂಟರ್ ಇಟ್ಟುಕೊಂಡವರು ನಿಮ್ಮಲ್ಲಿಯೂ ಕೆಲವರಿರಬಹುದು.

ಅಪ್ಪ ಧಾರವಾಡದ ಕಡೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರಾಗಿದ್ದವರು. ನಿವೃತ್ತಿಗೆ ಮೊದಲೇ ಅವರಿಗೊಂದು ಹುಚ್ಚು ಹತ್ತಿತ್ತು. ಒಕ್ಕಲುತನದ ಪದಗಳನ್ನು ಕೂಡಿಸುವುದು. ನೇಗಿಲಿನ ಈಸು, ಮೇಳಿ, ಕುಳದಿಂದ ಹಿಡಿದು ಹಗೇವು, ಹಂತಿ, ಕಣ, ಮಿಣಿ, ಬಾರಕೋಲಿನವರೆಗೆ. ಸಂತೆ, ಜಾತ್ರೆಗಳಲ್ಲಿ ಮುದುಕರನ್ನು ಹಿಡಿದು ಕೂಡಿಸಿ ಕೇಳುತ್ತಿದ್ದರು. ಮೊದಲು ಕಾರ್ಡುಗಳಲ್ಲಿ ಬರೆದರು, 2003ರಿಂದ ಕಂಪ್ಯೂಟರಿಗೆ ಇಳಿಸತೊಡಗಿದರು. ಅವರ ಗೆಳೆಯರೊಬ್ಬರ ಪ್ರೆಸ್ಸಿನಲ್ಲಿ ಸಂಜೆ ಹೊತ್ತು ಕೂತು ಡಿಟಿಪಿ ತಂತ್ರಾಂಶದಲ್ಲಿ ಅರ್ಧ ಕೆಲಸ ಮುಗಿಸಿದ್ದರು. ಪ್ರೆಸ್ಸು ಮುಚ್ಚಿದಾಗ ಆ ಗೆಳೆಯರು ಹಳೆಯ ಕಂಪ್ಯೂಟರನ್ನೂ ಅದರ ಜತೆಗಿದ್ದ ಯುಎಸ್‌ಬಿ ಬೀಗವನ್ನೂ ಅಪ್ಪನಿಗೇ ಕೊಟ್ಟರು. ಆಗಿನ ಕನ್ನಡ ಡಿಟಿಪಿ ತಂತ್ರಾಂಶಗಳಲ್ಲಿ ಇದು ಸಾಮಾನ್ಯ. ಬೆರಳುದ್ದದ ಆ ಬೀಗ ಚುಚ್ಚಿದ್ದರೆ ಮಾತ್ರ ತಂತ್ರಾಂಶ ತೆರೆಯುತ್ತದೆ. ಉಳಿದರ್ಧವನ್ನು ಅಪ್ಪ ಮನೆಯಲ್ಲೇ ‘ನುಡಿ’ಯಲ್ಲಿ ಟೈಪ್ ಮಾಡಿದರು. ಒಟ್ಟು 4,160 ಪದಗಳು.

ಎರಡು ವರ್ಷದ ಹಿಂದೆ ಗ್ಲಾಕೋಮಾ ಬಂದದ್ದು ಗೊತ್ತಾಯಿತು. ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಎಡಗಣ್ಣು ಪೂರ್ತಿ ಹೋಯಿತು, ಬಲಗಣ್ಣಿನಲ್ಲಿ ನಡುವೆ ಒಂದು ಕಿಂಡಿಯಷ್ಟು ಉಳಿದಿದೆ. ಅಮ್ಮ ತೀರಿಹೋಗಿದ್ದರಿಂದ ಅವರು ಮೂರು ತಿಂಗಳು ಪುಣೆಯಲ್ಲಿ ನಮ್ಮ ಜತೆ, ಮೂರು ತಿಂಗಳು ಧಾರವಾಡದಲ್ಲಿ ಅಕ್ಕನ ಜತೆ. “ಇನ್ನ ಮುಗೀತು ಬಿಡೋ ನನ್ನ ಪುಸ್ತಕದ ಕೆಲಸ” ಎಂದು ಒಂದು ದಿನ ಸುಮ್ಮನೆ ಹೇಳಿದರು. ದೂರಲಿಲ್ಲ, ಅಳಲಿಲ್ಲ. ಅದಕ್ಕೇ ನನಗೆ ಹೆಚ್ಚು ಕಷ್ಟವಾಯಿತು.

ಕಣ್ಣಿಲ್ಲದವರು ಕಂಪ್ಯೂಟರ್ ಬಳಸುವುದು ಹೊಸದೇನಲ್ಲ. ಎನ್‌ವಿಡಿಎ ಎಂಬ ಉಚಿತ ಪರದೆ ಓದುವ ತಂತ್ರಾಂಶವಿದೆ. ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಅದನ್ನು ಶುರುಮಾಡಿದರು, ಅವರಿಗೂ ಕಣ್ಣು ಕಾಣುವುದಿಲ್ಲ. ಅದರ ಜತೆ ಬರುವ ಈಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಒಂದು ಹಗುರ ಲ್ಯಾಪ್‌ಟಾಪ್ ಕೊಡಿಸಿದರೆ ರೈಲಿನಲ್ಲಿ ಹೆಗಲಚೀಲದಲ್ಲಿ ಹಾಕಿಕೊಂಡು ಓಡಾಡಬಹುದು, ಎರಡೂ ಮನೆಯಲ್ಲಿ ಕೆಲಸ ಸಾಗುತ್ತದೆ. ಹೀಗೆಂದುಕೊಂಡು ಆನ್‌ಲೈನಿನಲ್ಲಿ ಬಹಳ ತೆಳ್ಳಗಿನ, ಬ್ಯಾಟರಿ ಇಡೀ ದಿನ ಬರುವ ಒಂದು ಯಂತ್ರ ತರಿಸಿದೆ. ನೋಡಲು ಸ್ಲೇಟಿನ ಹಾಗಿತ್ತು. ನನಗೇ ಹೆಮ್ಮೆ.

ಆ ಹೆಮ್ಮೆ ಒಂದು ಸಂಜೆಯೂ ಉಳಿಯಲಿಲ್ಲ. ಮೊದಲನೆಯದಾಗಿ ಬೀಗ ಚುಚ್ಚಲು ಅದರಲ್ಲಿ ಹಳೆಯ ಮಾದರಿಯ ಯುಎಸ್‌ಬಿ ಕಿಂಡಿಯೇ ಇರಲಿಲ್ಲ, ಎಲ್ಲ ಟೈಪ್-ಸಿ. ಅಡಾಪ್ಟರ್ ತಂದು ಹಾಕಿದೆ. ಬೀಗದ ಡ್ರೈವರ್ ಸ್ಥಾಪನೆ ಆಗಲೊಲ್ಲದು. ಆಗ ಹಣೆ ಚಚ್ಚಿಕೊಂಡೆ. ನಾನು ಕೊಂಡದ್ದು ಆರ್ಮ್ ಪ್ರೊಸೆಸರಿನ ಯಂತ್ರ. ಇಂಟೆಲ್, ಎಎಮ್‌ಡಿ ಯಂತ್ರಗಳಿಗೆಂದು ಬರೆದ ಸಾಮಾನ್ಯ ತಂತ್ರಾಂಶಗಳನ್ನು ವಿಂಡೋಸ್ ಅದರ ಮೇಲೆ ಹೇಗೋ ಅನುವಾದ ಮಾಡಿ ಓಡಿಸುತ್ತದೆ. ಆದರೆ ಡ್ರೈವರ್ ಎಂಬುದು ವ್ಯವಸ್ಥೆಯ ಒಡಲೊಳಗೇ ಕೂರುವಂಥದ್ದು, ಅದಕ್ಕೆ ಈ ಅನುವಾದ ಸಲ್ಲುವುದಿಲ್ಲ. ಇದು ಗೊತ್ತಿಲ್ಲದ ವಿಷಯವಲ್ಲ. ಆಫೀಸಿನಲ್ಲಿ ಬೇರೆಯವರಿಗೆ ನಾನೇ ಹೇಳಿದ್ದೆ. ಅಪ್ಪನ ವಿಷಯ ಬಂದಾಗ ತೂಕ ಮಾತ್ರ ನೋಡಿದ್ದೆ.

ಸರಿ, ನುಡಿಯ ಕಡತವನ್ನಾದರೂ ಓದಿಸೋಣವೆಂದು ಎನ್‌ವಿಡಿಎ ಚಾಲೂ ಮಾಡಿದೆ. ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳನ್ನು ಒಂದೇ ಸಮನೆ ಒದರತೊಡಗಿತು. ಅಪ್ಪ ಸ್ವಲ್ಪ ಹೊತ್ತು ಕೇಳಿ, “ಇದು ನಾ ಬರ್ದದ್ದಲ್ಲ” ಎಂದು ಎದ್ದು ಹೋದರು.

ಅವರು ಬರೆದದ್ದೇ ಅದು. ಆದರೆ ಹಳೆಯ ಕನ್ನಡ ಫಾಂಟುಗಳ ಗುಟ್ಟೇ ಹಾಗೆ. ಶ್ರೀಲಿಪಿ, ಆಕೃತಿ, ಬರಹ, ನುಡಿ, ಎಲ್ಲವೂ ಮೊದಲಿಗೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಲೆಕ್ಕದಲ್ಲಿ ಇಂಗ್ಲಿಷಿನ ಕಸ. ಕಣ್ಣಿದ್ದವರಿಗೆ ಫಾಂಟು ಇದ್ದರೆ ಸಾಕು. ಕಿವಿಯಿಂದ ಓದುವವರಿಗೆ ಯೂನಿಕೋಡ್ ಇಲ್ಲದೆ ಗತಿಯಿಲ್ಲ. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ಕನ್ನಡವಿದೆ, ಆದರೆ ನಾವು ಬಹಳ ವರ್ಷ ಅದರ ಗೋಜಿಗೆ ಹೋಗಲಿಲ್ಲ. ಅಪ್ಪನ ಇಪ್ಪತ್ತು ವರ್ಷದ ದುಡಿಮೆ ಅಪ್ಪನಿಗೇ ಮುಚ್ಚಿಹೋಗಿತ್ತು.

ಆ ಯಂತ್ರ ವಾಪಸ್ ಕಳಿಸಿ, ಈ ಸಲ ಒಂದು ಹಾಳೆಯಲ್ಲಿ ಬರೆದುಕೊಂಡು ಕೂತೆ. ಯಾವ ತಂತ್ರಾಂಶ ಓಡಬೇಕು? ಅದಕ್ಕೆ ಏನು ಬೇಕು? ಆಮೇಲೆ ತೂಕ. ಹಳೆಯ ಡಿಟಿಪಿಯು ಬೇಡುವುದು 32 ಬಿಟ್ ವಿಂಡೋಸ್ ಎಕ್ಸ್‌ಪಿ. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ, ಹಳೆಯ 32 ಬಿಟ್ ಡ್ರೈವರುಗಳು ಅಲ್ಲಿ ನಡೆಯುವುದಿಲ್ಲ. ಹಾಗಾದರೆ ಹಳೆಯ ಕಂಪ್ಯೂಟರಿನ ಇಡೀ ಹಾರ್ಡ್ ಡಿಸ್ಕನ್ನು ಪ್ರತಿ ಮಾಡಿ, ಹೊಸ ಯಂತ್ರದೊಳಗೆ ವರ್ಚುವಲ್‌ಬಾಕ್ಸಿನಲ್ಲಿ ಎಕ್ಸ್‌ಪಿಯನ್ನು ಎಬ್ಬಿಸಿ, ಯುಎಸ್‌ಬಿ ಬೀಗವನ್ನು ಅದರೊಳಕ್ಕೆ ದಾಟಿಸಬೇಕು. ಅದಕ್ಕೆ ಇಂಟೆಲ್ ಅಥವಾ ಎಎಮ್‌ಡಿ ಪ್ರೊಸೆಸರ್, 16 ಜಿಬಿ ರ್‍ಯಾಮ್, ದೊಡ್ಡ ಯುಎಸ್‌ಬಿ ಕಿಂಡಿ. ಅಪ್ಪನ ಬೆರಳಿಗೆ ಗಟ್ಟಿಯಾದ, ಪೂರ್ಣ ಅಳತೆಯ ಕೀಲಿಮಣೆ. 2007ರಲ್ಲಿ ಬಂದ ಏಳಿಂಚಿನ ಈ ಪಿಸಿಯಂಥ ಪುಟಾಣಿಗಳಲ್ಲಿ ಕೀಲಿಗಳೂ ಪುಟಾಣಿಯೇ, ಕಾಣದ ಬೆರಳಿಗೆ ಅವು ಆಗಿಬರುವುದಿಲ್ಲ. ಪರದೆ ಹೇಗಿದ್ದರೇನು, ಅವರು ನೋಡುವುದೇ ಇಲ್ಲವಲ್ಲ! ಅಂಗಡಿಯವರು ಮೊದಲು ಹೊಗಳುವ ಪರದೆಯೇ ನನ್ನ ಪಟ್ಟಿಯಲ್ಲಿ ಕೊನೆಗೆ ಬಂತು.

ಶನಿವಾರ ಅಪ್ಪನನ್ನು ಕರೆದುಕೊಂಡು ತಿಲಕ್ ರಸ್ತೆಗೆ ಹೋದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಕಂಪನಿಗಳು ಹಳೆಯ ಯಂತ್ರ ಹೊರಹಾಕುತ್ತಿದ್ದವು, ಒಳ್ಳೆಯ ಮರುಬಳಕೆಯ ಮಾಲು ಸಿಗುತ್ತಿತ್ತು. ಅದರಲ್ಲಿ ಎಂಟನೇ ಪೀಳಿಗೆಯ ಇಂಟೆಲ್ ಇರುವಂಥದ್ದು ನೋಡಬೇಕು, ಅದಕ್ಕಿಂತ ಹಳೆಯದಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ನಾಲ್ಕೈದು ಯಂತ್ರ ಮುಂದಿಟ್ಟೆವು. ಅಪ್ಪ ಒಂದೊಂದರ ಮೇಲೂ ಬೆರಳಾಡಿಸಿ ‘ಎಫ್’, ‘ಜೆ’ ಕೀಲಿಗಳ ಮೇಲಿನ ಸಣ್ಣ ಗೆರೆಗಳನ್ನು ಹುಡುಕಿದರು. ಕೊನೆಗೆ ಹನ್ನೆರಡೂವರೆ ಇಂಚಿನ ಒಂದು ಥಿಂಕ್‌ಪ್ಯಾಡ್ ಎಕ್ಸ್280ರ ನಡುವಿನ ರಬ್ಬರ್ ಗುಬ್ಬಿ ಕೈಗೆ ತಾಗಿತು. “ಇದರಾಗ ಕೈ ದಾರಿ ತಪ್ಪೂದಿಲ್ಲ ನೋಡು” ಎಂದರು. ಒಂದೂಕಾಲು ಕಿಲೋದ ಆಸುಪಾಸು. 24,000 ರೂಪಾಯಿ. ನಾನು ವಾಪಸ್ ಕಳಿಸಿದ್ದರ ಕಾಲು ಭಾಗದ ಬೆಲೆ.

ಎರಡು ವಾರ ರಾತ್ರಿ ಕೂತು ಎಕ್ಸ್‌ಪಿಯನ್ನು ಎಬ್ಬಿಸಿದೆ. ಬೀಗದ ಕೆಂಪು ದೀಪ ಹತ್ತಿ, ಹಳೆಯ ಡಿಟಿಪಿ ತೆರೆದುಕೊಂಡಾಗ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ, ಪಾಪ. ಅದರಲ್ಲಿ ಇಸ್ಕಿಗೆ ಬದಲಿಸುವ ಒಂದು ಆಯ್ಕೆ ಇತ್ತು. ಇಸ್ಕಿ ಎಂದರೆ 1991ರ ಭಾರತೀಯ ಮಾನಕ ಸಂಕೇತ. ಅದು ಅಕ್ಷರದ ಆಕಾರ ಬಿಟ್ಟು ಉಚ್ಚಾರದ ಕ್ರಮವನ್ನು ಹಿಡಿಯುತ್ತದೆ. ಯೂನಿಕೋಡಿನ ಭಾರತೀಯ ಲಿಪಿಗಳ ಏರ್ಪಾಡಿಗೆ 1988ರ ಇಸ್ಕಿಯೇ ಅಡಿಪಾಯ. ಹಾಗಾಗಿ ಅಲ್ಲಿಂದ ಯೂನಿಕೋಡಿಗೆ ನಲವತ್ತು ಸಾಲಿನ ಪೈಥಾನ್ ಸಾಕಾಯಿತು. ಇಸ್ಕಿಯನ್ನು ಬಳಕೆಗೆ ತಂದ ಜಿಸ್ಟ್ ತಂತ್ರಜ್ಞಾನ ಹುಟ್ಟಿದ್ದು ಕಾನ್ಪುರದ ಐಐಟಿಯಲ್ಲಿ, ಬೆಳೆದದ್ದು ಇದೇ ಪುಣೆಯ ಸಿ-ಡಾಕ್‌ನಲ್ಲಿ. ಸಿ-ಡಾಕ್ ಎಂದರೆ ನನಗೆ ಪರಮ್ ಸೂಪರ್ ಕಂಪ್ಯೂಟರ್ ಮಾತ್ರ ನೆನಪಾಗುತ್ತಿತ್ತು. ಅಪ್ಪನ ಪದಗಳಿಗೂ ಅಲ್ಲಿಂದಲೇ ದಾರಿ ಸಿಕ್ಕಿತು.

ನುಡಿಯ ಅರ್ಧಕ್ಕೆ ಪರಿವರ್ತಕಗಳು ಸುಲಭವಾಗಿ ಸಿಗುತ್ತವೆ. ಆದರೆ ಅಲ್ಲಿ ಅರ್ಕಾವತ್ತಿನ ಕಾಟ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಎಲ್ಲೋ ಕೆಲವೆಡೆ ಅದು ತಪ್ಪಿ ‘ಹುರ್ಳಿ’ ಹೋಗಿ ‘ಹುಳಿರ್’ ಆಗಿತ್ತು, ‘ಕರ್ಕಿ’ ‘ಕಕಿರ್’ ಆಗಿತ್ತು. ಇದನ್ನು ಯಂತ್ರ ಹಿಡಿಯಲಾರದು, ನಾನೂ ಹಿಡಿಯಲಾರೆ. ಅರ್ಧಕ್ಕರ್ಧ ಪದ ನನಗೇ ಗೊತ್ತಿಲ್ಲ.

ಅಪ್ಪ ಹಿಡಿದರು. ಹೆಡ್‌ಫೋನ್ ಹಾಕಿಕೊಂಡು ಬಾಲ್ಕನಿಯಲ್ಲಿ ಕೂತು ಮೊದಲ ದಿನ ಕೇಳಿದ್ದು, “ಇಂವಾ ಯಾವೂರಾಂವೋ? ಕನ್ನಡ ಮಾತಾಡ್ತಾನ, ಆದ್ರ ಮೂಗಿನ್ಯಾಗ.” ಒಂದು ವಾರಕ್ಕೆ ಆ ಮೂಗಿನ ಧ್ವನಿ ರೂಢಿಯಾಯಿತು. ತಪ್ಪು ಬಂದಲ್ಲಿ ನಿಲ್ಲಿಸಿ ತಾವೇ ತಿದ್ದುತ್ತಾರೆ. ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸ ಅವರ ಬೆರಳಲ್ಲೇ ಇದೆ. ನುಡಿಯನ್ನು ಯೂನಿಕೋಡ್ ಕ್ರಮಕ್ಕೆ ಬದಲಿಸಿ ಕೊಟ್ಟೆ, ಬೆರಳುಗಳಿಗೆ ಬದಲಾವಣೆ ಗೊತ್ತೇ ಆಗಲಿಲ್ಲ. ಕಳೆದ ತಿಂಗಳು ಹುಬ್ಬಳ್ಳಿಯ ವಂದೇ ಭಾರತ್‌ನಲ್ಲಿ ಸಾತಾರದಿಂದ ಬೆಳಗಾವಿಯವರೆಗೂ ಕೆಲಸ ಮಾಡಿದರಂತೆ. ಪಕ್ಕದವರು ಕಣ್ಣು ಮುಚ್ಚಿಕೊಂಡು ಟೈಪ್ ಮಾಡುವ ಅಜ್ಜನನ್ನು ನೋಡಿ ಗಾಬರಿಯಾದರಂತೆ.

ನಿಮಗೆ ಹೇಳುವುದಿಷ್ಟೇ. ವಿಶೇಷ ತಂತ್ರಾಂಶಕ್ಕಾಗಿ ಸಣ್ಣ ಲ್ಯಾಪ್‌ಟಾಪ್ ಕೊಳ್ಳುವಾಗ ತಂತ್ರಾಂಶದಿಂದ ಯಂತ್ರದ ಕಡೆಗೆ ಬನ್ನಿ, ಯಂತ್ರದಿಂದ ತಂತ್ರಾಂಶದ ಕಡೆಗಲ್ಲ. ಪ್ರೊಸೆಸರ್ ಯಾವ ಜಾತಿ, ಬೀಗಕ್ಕೆ ಡ್ರೈವರ್ ಇದೆಯೇ, ಕಿಂಡಿ ಇದೆಯೇ, ರ್‍ಯಾಮ್ ಆಮೇಲೆ ಏರಿಸಬಹುದೇ ಅಥವಾ ಬೆಸುಗೆ ಹಾಕಿಬಿಟ್ಟಿದ್ದಾರೆಯೇ, ಇವನ್ನು ಕೇಳಿ. ಬಳಸುವವರನ್ನು ಅಂಗಡಿಗೆ ಕರೆದೊಯ್ದು ಕೀಲಿಮಣೆ ಮುಟ್ಟಿಸಿ. ಮನೆಯ ಹಿರಿಯರ ಹಳೆಯ ಫಾಂಟಿನ ಕಡತಗಳಿದ್ದರೆ ಈ ಸಲ ಊರಿಗೆ ಹೋದಾಗಲೇ ತೆಗೆದು ನೋಡಿ. ಹಾರ್ಡ್ ಡಿಸ್ಕ್ ಕಾಯುವುದಿಲ್ಲ, ಕಣ್ಣೂ ಕಾಯುವುದಿಲ್ಲ.

ಮೊನ್ನೆ ಸಂಜೆ ಅಪ್ಪ ನಮ್ಮ ಸೊಸೈಟಿಯ ವಾಚ್‌ಮನ್ ಜತೆ ಕೂತಿದ್ದರು. ಆತ ಸಾಂಗಲಿ ಕಡೆಯ ಒಕ್ಕಲಿಗ, ಮಳೆ ಇಲ್ಲದೆ ಪುಣೆಗೆ ಬಂದವನು. ಅಪ್ಪನ ಮರಾಠಿ ಅಷ್ಟಕ್ಕಷ್ಟೇ, ಅವನ ಕನ್ನಡ ಅದಕ್ಕಿಂತ ಕಡಿಮೆ. ಆದರೂ ಬಿತ್ತನೆಯ ಮಾತು ನಡೆದಿತ್ತು. ಬಿತ್ತುವ ಕೂರಿಗೆಗೆ ತಮ್ಮ ಕಡೆ ‘ಕುರೀ’ ಅನ್ನುತ್ತಾರೆ ಎಂದನಂತೆ. ಅಪ್ಪ ಲಿಫ್ಟಿನಿಂದ ಹೊರಬಂದವರೇ, “ತಮ್ಮಾ, ಆ ಪೆಟಿಗಿ ತಾ” ಎಂದರು. ಲ್ಯಾಪ್‌ಟಾಪಿಗೆ ಅವರಿಟ್ಟ ಹೆಸರು ಅದು. ತೆರೆದು, ಗುಬ್ಬಿಯ ಮೇಲೆ ಬೆರಳಿಟ್ಟು ಜಾಗ ಹುಡುಕಿ, ಕೂರಿಗೆಯ ಕೆಳಗೆ ಟೈಪ್ ಮಾಡಿದರು. ಎರಡು ವರ್ಷದ ನಂತರ ಸೇರಿದ ಮೊದಲ ಹೊಸ ಪದ. ಈಗ ಒಟ್ಟು 4,161.